ಸಂಜೆ ನಾಲ್ಕಕ್ಕೆ ನೆಲದ ಮಾತು

ವಿಶ್ವವಿದ್ಯಾಲಯದ ಆವರಣದಲ್ಲಿ ಭೂವಿಜ್ಞಾನ ವಿಭಾಗವನ್ನು ಹುಡುಕುವುದು ಕಷ್ಟವಲ್ಲ. ಬಾಗಿಲ ಬಳಿ ಮೊಣಕಾಲೆತ್ತರದ ಬಂಡೆಯೊಂದು ಕೂತಿರುತ್ತದೆ. ಒಳಗೆ ಹೋದರೆ ಕಾರಿಡಾರಿನುದ್ದಕ್ಕೂ ಗಾಜಿನ ಬೀರುಗಳು. ಅವುಗಳಲ್ಲಿ ಚೀಟಿ ಅಂಟಿಸಿದ ಕಲ್ಲುಗಳು: ಕಾಗೆಬಂಗಾರ, ಬೆಣಚುಕಲ್ಲು, ಬಳಪದ ಕಲ್ಲು. ಕೊನೆಯ ಕೊಠಡಿಯ ಹೊರಗೆ ಮೇಜಿನ ಮೇಲೆ ಚಹಾದ ಫ್ಲಾಸ್ಕು, ಒಂದು ತಟ್ಟೆ ಬಿಸ್ಕತ್ತು. ಗೋಡೆಯ ಮೇಲೆ ಒಂದು ಹಾಳೆ. ವಾರ, ವೇಳೆ, ಮಾತಾಡುವವರ ಹೆಸರು, ಎರಡು ಸಾಲು ಉದ್ದದ ಶೀರ್ಷಿಕೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಎಲ್ಲರಿಗೂ ಸ್ವಾಗತ.

ಒಳಗೆ ಇಪ್ಪತ್ತು ಮೂವತ್ತು ಜನ. ಮುಂದಿನ ಸಾಲಿನಲ್ಲಿ ಪ್ರಾಧ್ಯಾಪಕರು, ಹಿಂದಿನ ಸಾಲಿನಲ್ಲಿ ಎಂ.ಎಸ್ಸಿ. ಹುಡುಗ ಹುಡುಗಿಯರು. ಪ್ರೊಜೆಕ್ಟರಿನ ಬೆಳಕಿನಲ್ಲಿ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ನಾಲ್ಕು ವರ್ಷದ ಕೆಲಸವನ್ನು ನಲವತ್ತು ನಿಮಿಷದಲ್ಲಿ ಹೇಳಲು ನಿಂತಿದ್ದಾಳೆ. ಅವಳ ಮೊದಲ ಸ್ಲೈಡಿನಲ್ಲಿ ಒಂದು ಗುಡ್ಡ, ಗುಡ್ಡದ ಬುಡದಲ್ಲಿ ಅಳತೆ ಗೊತ್ತಾಗಲೆಂದು ಇಟ್ಟ ಸುತ್ತಿಗೆ.

ಇಂಥ ಗೋಷ್ಠಿಗಳು ಧಾರವಾಡ, ಮೈಸೂರು, ಬೆಂಗಳೂರು, ಮಂಗಳೂರುಗಳಲ್ಲೂ ನಡೆಯುತ್ತವೆ, ಆಕ್ಸ್‌ಫರ್ಡ್, ಪ್ರಿನ್ಸ್‌ಟನ್‌ಗಳಲ್ಲೂ ನಡೆಯುತ್ತವೆ. ಪತ್ರಿಕೆಗಳಲ್ಲಿ ಸುದ್ದಿಯಾಗುವುದಿಲ್ಲ. ಆದರೆ ನಮ್ಮ ಕಾಲ ಕೆಳಗಿನ ನೆಲದ ಬಗ್ಗೆ ಮುಂದೆ ಪಠ್ಯಪುಸ್ತಕ ಸೇರಬೇಕಾದ ಸಂಗತಿಗಳು ಇನ್ನೂ ಹಸಿಯಾಗಿರುವಾಗ, ತಪ್ಪೋ ಸರಿಯೋ ತೀರ್ಮಾನವಾಗದಿರುವಾಗ, ಮೊದಲು ಬಾಯಿಗೆ ಬರುವುದು ಇಲ್ಲಿ.

ಮೊದಲು ಮಾತು, ಆಮೇಲೆ ಪುಸ್ತಕ

1912ರ ಜನವರಿ 6ರಂದು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಆಲ್‌ಫ್ರೆಡ್ ವೆಗೆನರ್ ಎಂಬ ಹವಾಮಾನ ವಿಜ್ಞಾನಿ ಭೂವಿಜ್ಞಾನಿಗಳ ಸಭೆಯಲ್ಲಿ ಎದ್ದು ನಿಂತು, ಖಂಡಗಳು ನಿಂತಲ್ಲಿ ನಿಂತಿಲ್ಲ, ಸರಿಯುತ್ತಿವೆ ಎಂದು ಹೇಳಿದರು. ಪುಸ್ತಕ ಬಂದದ್ದು ಮೂರು ವರ್ಷದ ನಂತರ. ಹೆಚ್ಚಿನವರು ಒಪ್ಪಲಿಲ್ಲ. ಇಷ್ಟು ದೊಡ್ಡ ಖಂಡವನ್ನು ತಳ್ಳುವ ಶಕ್ತಿ ಯಾವುದು ಎಂಬ ಪ್ರಶ್ನೆಗೆ ಅವರಲ್ಲಿ ಗಟ್ಟಿ ಉತ್ತರವಿರಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಅವರು ತೀರಿಕೊಂಡಾಗಲೂ ಆ ಮಾತು ಅರ್ಧಕ್ಕೇ ನಿಂತಿತ್ತು.

ಅದು ಪೂರ್ತಿಯಾದದ್ದೂ ಒಂದು ಭಾಷಣದಲ್ಲೇ ಎನ್ನಬಹುದು. 1967ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಅಮೆರಿಕದ ಭೂಭೌತ ವಿಜ್ಞಾನಿಗಳ ಸಮ್ಮೇಳನ ನಡೆದಿತ್ತು. ಪ್ರಿನ್ಸ್‌ಟನ್ನಿನ ಜೇಸನ್ ಮಾರ್ಗನ್ ಮೊದಲೇ ಕಳಿಸಿದ್ದ ಸಾರಾಂಶದ ವಿಷಯ ಬೇರೆ, ವೇದಿಕೆಯಲ್ಲಿ ಮಾತಾಡಿದ್ದೇ ಬೇರೆ. ಭೂಮಿಯ ಹೊರಪದರ ಕೆಲವೇ ಗಟ್ಟಿ ಫಲಕಗಳಾಗಿ ಒಡೆದಿದೆ, ಒಂದಕ್ಕೊಂದು ಹೇಗೆ ಚಲಿಸುತ್ತವೆ ಎಂಬುದನ್ನು ಗಣಿತದಲ್ಲಿ ಹೇಳಬಹುದು ಎಂದರು. ಅದು ಅಚ್ಚಾದದ್ದು ಮರುವರ್ಷ. ಇವತ್ತು ಶಾಲೆಯ ಮಕ್ಕಳು ಪರೀಕ್ಷೆಯಲ್ಲಿ ಬರೆಯುವ ಫಲಕ ಸಿದ್ಧಾಂತ ಅದೇ.

ನಮ್ಮಲ್ಲೂ ಈ ಪರಂಪರೆ ಹೊಸದಲ್ಲ. ಮೈಸೂರು ಸಂಸ್ಥಾನ 1894ರಲ್ಲೇ ಭೂವಿಜ್ಞಾನ ಇಲಾಖೆ ತೆರೆಯಿತು. ಲಾಲ್‌ಬಾಗಿನ ಗುಡ್ಡದಲ್ಲಿ ನಾವು ಹತ್ತಿ ಕೂರುವ ಬಂಡೆಗೆ 'ಪೆನಿನ್ಸುಲರ್ ನೈಸ್' ಎಂಬ ಹೆಸರು ಕೊಟ್ಟವರು ಆ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್. ಸುಮಾರು 300 ಕೋಟಿ ವರ್ಷದ ಕಲ್ಲು ಅದು. ಅದೇ ಇಲಾಖೆಯಲ್ಲಿ ಬೆಳೆದ ಬಿ.ಪಿ. ರಾಧಾಕೃಷ್ಣ 1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿ, ಅದರ ಪತ್ರಿಕೆಯನ್ನು ದಶಕಗಳ ಕಾಲ ಬೆಳೆಸಿದರು. ಕಲ್ಲಿನ ಬಗ್ಗೆ ಸೇರಿ ಮಾತಾಡುವ ಅಭ್ಯಾಸ ಈ ಊರಿಗೆ ಹಳೆಯದು.

ಎರೆನೆಲದ ಕೆಳಗಿನ ಗಡಿಯಾರ

ಈಚಿನ ವರ್ಷಗಳಲ್ಲಿ ಭೂವಿಜ್ಞಾನ ವಿಭಾಗಗಳನ್ನು ಬಿಸಿಯಾಗಿಟ್ಟ ವಾದಗಳಲ್ಲಿ ಒಂದು ನಮ್ಮ ಉತ್ತರ ಕರ್ನಾಟಕದ ಹೊಲಗಳ ಕೆಳಗೇ ಇದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಎರೆಮಣ್ಣು ಹುಟ್ಟಿದ್ದು ಕಪ್ಪು ಅಗ್ನಿಶಿಲೆ ಸವೆದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾ ಒಂದರ ಮೇಲೊಂದು ಪದರವಾಗಿ ಗಟ್ಟಿಯಾಗಿ ದಖನ್ನಿನ ಲಾವಾ ಪ್ರಸ್ಥಭೂಮಿಯಾಯಿತು. ಈಗ ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಮಹಾಬಳೇಶ್ವರದ ಕಡೆ ಘಟ್ಟ ಹತ್ತುವಾಗ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಇವೇ ಪದರಗಳು.

ಸರಿಸುಮಾರು ಅದೇ ಕಾಲಕ್ಕೆ ಮೆಕ್ಸಿಕೋದ ಯುಕಟಾನ್ ಬಳಿ ಒಂದು ಕ್ಷುದ್ರಗ್ರಹ ಬಿದ್ದು ಸುಮಾರು 180 ಕಿಲೋಮೀಟರ್ ಅಗಲದ ಕುಳಿ ತೋಡಿತು. ಡೈನೋಸಾರ್‌ಗಳು ಅಳಿದದ್ದೂ ಆಗಲೇ. ಕೊಂದದ್ದು ಆಕಾಶದ ಕಲ್ಲೋ, ನಮ್ಮ ದಖನ್ನಿನ ಬೆಂಕಿಯೋ, ಎರಡೂ ಸೇರಿಯೋ? ಉತ್ತರ ಬೇಕಾದರೆ ಯಾವುದು ಮೊದಲು ಎಂದು ತಿಳಿಯಬೇಕು. 6.6 ಕೋಟಿ ವರ್ಷದ ಹಿಂದಿನ ಘಟನೆಯಲ್ಲಿ ಕೆಲವು ಸಾವಿರ ವರ್ಷಗಳ ಹಿಂದುಮುಂದನ್ನು ಗುರುತಿಸಬೇಕು. ಈ ಹಟವೇ ನನಗೆ ಅತ್ಯಂತ ಚೆಂದ ಕಾಣುತ್ತದೆ.

ಇದಕ್ಕೆ ಬಳಸುವುದು ಜಿರ್ಕಾನ್ ಎಂಬ ಹರಳು. ತಲೆಗೂದಲಿನ ದಪ್ಪದಷ್ಟಿರುವ, ಸೂಕ್ಷ್ಮದರ್ಶಕದಲ್ಲಿ ಎರಡೂ ತುದಿ ಚೂಪಾಗಿ ಕಾಣುವ ಕಣ. ಕಪ್ಪು ಲಾವಾದಲ್ಲಿ ಇದು ಸಿಗುವುದು ಅಪರೂಪ. ಆದರೆ ಒಂದು ಲಾವಾ ಹರಿವಿಗೂ ಮುಂದಿನದಕ್ಕೂ ನಡುವೆ ಬಿಡುವಿದ್ದಾಗ ಮೇಲ್ಮೈ ಹಣ್ಣಾಗಿ ಕೆಂಪುಮಣ್ಣಿನ ತೆಳುಪಟ್ಟಿ ಕಟ್ಟಿದೆ. ಕೆಲವು ಪಟ್ಟಿಗಳಲ್ಲಿ ಆ ಕಾಲದಲ್ಲಿ ಉದುರಿದ ಜ್ವಾಲಾಮುಖಿಯ ಬೂದಿಯೂ ಬೆರೆತಿದೆ. ಸಂಶೋಧಕರು ರಸ್ತೆ ಕಡಿತದಲ್ಲಿ ಈ ಕೆಂಪು ಪಟ್ಟಿಯನ್ನು ಹುಡುಕಿ, ಮಣ್ಣನ್ನು ಚೀಲಗಟ್ಟಲೆ ತುಂಬಿಕೊಂಡು ಹೋಗುತ್ತಾರೆ. ಜರಡಿ ಹಿಡಿದು, ನೀರಿನಲ್ಲಿ ಜಾಲಿಸಿ, ಹಗುರವಾದದ್ದನ್ನು ತೇಲಿಬಿಟ್ಟು, ಅಯಸ್ಕಾಂತಕ್ಕೆ ಅಂಟುವುದನ್ನು ತೆಗೆದು, ಉಳಿದ ಚಿಟಿಕೆ ಮರಳಿನಲ್ಲಿ ಒಂದೊಂದೇ ಹರಳನ್ನು ಚಿಮಟದಿಂದ ಎತ್ತುತ್ತಾರೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಅಜ್ಜಿಯಂದಿರಿಗೆ ಈ ಕೆಲಸದ ತಾಳ್ಮೆ ವಿವರಿಸಬೇಕಾಗಿಲ್ಲ. ಚೀಲ ಮಣ್ಣಿಗೆ ಬೆರಳೆಣಿಕೆಯ ಹರಳು ಸಿಕ್ಕರೂ ಸಂಭ್ರಮ. ಒಂದೂ ಸಿಗದ ಚೀಲಗಳೂ ಉಂಟು.

ಹರಳು ಗಡಿಯಾರವಾಗುವುದು ಹೀಗೆ. ಜಿರ್ಕಾನ್ ಕಟ್ಟಿಕೊಳ್ಳುವಾಗ ಒಂದಿಷ್ಟು ಯುರೇನಿಯಂ ಅನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಸೇರಿಸುವುದಿಲ್ಲ. ಯುರೇನಿಯಂ ತನ್ನಷ್ಟಕ್ಕೆ ತಾನೇ, ಯಾರ ಮಾತೂ ಕೇಳದೆ, ಗೊತ್ತಾದ ವೇಗದಲ್ಲಿ ಸೀಸವಾಗುತ್ತ ಹೋಗುತ್ತದೆ. ಅದರ ಒಂದು ಬಗೆ ಅರ್ಧವಾಗಲು ಸುಮಾರು 447 ಕೋಟಿ ವರ್ಷ ಬೇಕು, ಇನ್ನೊಂದಕ್ಕೆ ಸುಮಾರು 70 ಕೋಟಿ ವರ್ಷ. ಹಿಂದೆ ಮದುವೆ ಮನೆಗಳಲ್ಲಿ ಮುಹೂರ್ತಕ್ಕೆ ಗಳಿಗೆ ಬಟ್ಟಲು ಇಡುತ್ತಿದ್ದರಲ್ಲ, ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಲ್ಲಿ ತೇಲಿಬಿಟ್ಟು ಎಷ್ಟು ತುಂಬಿತೆಂದು ನೋಡಿ ಹೊತ್ತು ಹೇಳುತ್ತಿದ್ದರು. ಜಿರ್ಕಾನ್ ಅಂಥ ಬಟ್ಟಲು. ಒಳಗೆ ಕೂಡಿದ ಸೀಸವನ್ನು ಅಳೆದರೆ ಎಷ್ಟು ಕಾಲವಾಯಿತೆಂದು ಗೊತ್ತಾಗುತ್ತದೆ.

2019ರ ಫೆಬ್ರುವರಿಯಲ್ಲಿ 'ಸೈನ್ಸ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ದಖನ್ ಬಗ್ಗೆ ಎರಡು ಲೇಖನ ಬಂದವು. ಪ್ರಿನ್ಸ್‌ಟನ್ನಿನ ಬ್ಲೇರ್ ಶೋಯೆನ್ ಅವರ ತಂಡ ಜಿರ್ಕಾನ್ ಹಿಡಿದು, ಲಾವಾ ನಾಲ್ಕು ದೊಡ್ಡ ಅಲೆಗಳಾಗಿ ಬಂತು, ಅದರಲ್ಲಿ ಒಂದು ಕ್ಷುದ್ರಗ್ರಹ ಬೀಳುವ ಮೊದಲೇ ಎದ್ದಿತ್ತು ಎಂದಿತು. ಬರ್ಕ್ಲಿಯ ಕೋರ್ಟ್ನಿ ಸ್ಪ್ರೇನ್ ಮತ್ತು ಸಂಗಡಿಗರು ಲಾವಾದೊಳಗಿನ ಬೇರೆ ಖನಿಜದಲ್ಲಿ ಆರ್ಗಾನ್ ಅನಿಲ ಅಳೆದು, ಲಾವಾ ಹೆಚ್ಚುಕಡಿಮೆ ಒಂದೇ ಸಮ ಹರಿಯಿತು, ಅದರ ಮುಕ್ಕಾಲು ಪಾಲು ಕ್ಷುದ್ರಗ್ರಹ ಬಿದ್ದ ಮೇಲೆ ಬಂತು ಎಂದರು. ಅದೇ ಘಟ್ಟ, ಅದೇ ಲಾವಾ, ಎರಡು ಗಡಿಯಾರ, ಎರಡು ಕತೆ. ಆಮೇಲೆ ಈ ವಿಷಯದ ಗೋಷ್ಠಿಗಳಲ್ಲಿ ಪ್ರಶ್ನೆಗೆ ಬರವಿಲ್ಲ. ವಿಜಯಪುರದ ಹೊಲಗಳಲ್ಲಿ ನಿಂತವರು ಈ ವಾದದ ಸಾಕ್ಷಿಯ ಮೇಲೇ ನಿಂತಿರುತ್ತಾರೆ.

ಸಮುದ್ರದ ತಗ್ಗು

ಇನ್ನೊಂದು ಒಗಟು ಸಮುದ್ರದಲ್ಲಿದೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಒಂದು ದೊಡ್ಡ ತಗ್ಗಿದೆ. ಹಡಗಿನಲ್ಲಿ ಹೋದವರಿಗೆ ಕಾಣುವಂಥದ್ದಲ್ಲ, ಅಷ್ಟು ಅಗಲ. ಅಲ್ಲಿ ಗುರುತ್ವಾಕರ್ಷಣೆ ತುಸು ಕಡಿಮೆ. ಹಾಗಾಗಿ ನೀರು ಸುತ್ತಲ ಹೆಚ್ಚಿನ ಸೆಳೆತದ ಕಡೆಗೆ ಸರಿದು, ಸಮುದ್ರದ ಮಟ್ಟ ಜಗತ್ತಿನ ಸರಾಸರಿಗಿಂತ ನೂರು ಮೀಟರಿಗೂ ಮಿಕ್ಕಿ ತಗ್ಗಿದೆ. 1948ರಿಂದ ಇದು ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಆತ್ರೇಯೀ ಘೋಷ್ 2023ರಲ್ಲಿ ಒಂದು ಉತ್ತರ ಕೊಟ್ಟರು. ಕಳೆದ 14 ಕೋಟಿ ವರ್ಷಗಳ ಫಲಕಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಓಡಿಸಿ ನೋಡಿದರು. ಭಾರತ ಉತ್ತರಕ್ಕೆ ಸರಿಯುವಾಗ ಅಳಿದುಹೋದ ಟೆಥಿಸ್ ಸಮುದ್ರದ ತಳ ಭೂಮಿಯ ಆಳಕ್ಕೆ ಮುಳುಗಿತು, ಅದು ಆಫ್ರಿಕಾದ ಕೆಳಗಿನ ಬಿಸಿ ರಾಶಿಯನ್ನು ಕದಡಿತು, ಅಲ್ಲಿಂದ ಎದ್ದ ಬಿಸಿಯಾದ ಹಗುರ ವಸ್ತು ಈ ಸಾಗರದ ಕೆಳಗೆ ಬಂದು ಸೇರಿದೆ ಎಂಬುದು ಅವರ ಲೆಕ್ಕ. ಲೆಕ್ಕ ಎಂದೇ ಹೇಳಬೇಕು. ಅಷ್ಟು ಆಳಕ್ಕೆ ಇಳಿದು ನೋಡಿದವರಿಲ್ಲ.

ಶೇಡಿ ಮಣ್ಣು, ಮಳೆ, ಧರೆ

ಡೈನೋಸಾರ್ ಮಾತು ಕೇಳಿ ಹೊರಬಂದವರು ಚಹಾ ಕುಡಿದು ನಗುತ್ತ ಮನೆಗೆ ಹೋಗುತ್ತಾರೆ. ಗುಡ್ಡ ಕುಸಿತದ ಮಾತು ಕೇಳಿದವರು ಹಾಗೆ ಹೋಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರು. ಅದಾಗಿ ಎರಡು ವಾರಕ್ಕೆ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ. ವಯನಾಡಿನಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು. ಶಿರೂರಿನಲ್ಲಿ ಗಂಗಾವಳಿ ನದಿಯ ಕೆಸರಿನಡಿ ಹೂತುಹೋದ ಒಂದು ಲಾರಿಯನ್ನು ಮೇಲೆತ್ತಲು 72 ದಿನ ಬೇಕಾಯಿತು. ಭೂಗೋಳ, ಭೂವಿಜ್ಞಾನ ವಿಭಾಗಗಳಲ್ಲಿ ಕುಸಿತದ ಬಗ್ಗೆ ಕೆಲಸ ಮಾಡುವವರು ಈಗ ಹೆಚ್ಚಾಗಿದ್ದಾರೆ. ಹೆಚ್ಚಬೇಕಾದದ್ದೇ.

ಕರಾವಳಿಯಲ್ಲಿ ಮನೆ ಕಟ್ಟಿದ ಯಾರನ್ನು ಕೇಳಿದರೂ ನೆಲದ ಪದರ ಹೇಳುತ್ತಾರೆ. ಮೇಲೆ ಗಟ್ಟಿ ಕೆಂಪುಕಲ್ಲು, ಕೆಲವು ಕಡೆ ಮುರಕಲ್ಲು ಎನ್ನುತ್ತಾರೆ. ಅದರಡಿ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪಾದ ಶೇಡಿ ಮಣ್ಣು. ಅದರಡಿ ಬಂಡೆ. ಶೇಡಿ ಒಣಗಿದ್ದಾಗ ಗುದ್ದಲಿಗೂ ಜಗ್ಗುವುದಿಲ್ಲ. ನೀರು ಕುಡಿದರೆ ಕೈಯಲ್ಲಿ ಹಿಡಿದ ಮುದ್ದೆ ಹಾಗೇ ಜಾರುತ್ತದೆ. ಮಣ್ಣಿನ ಬಲ ಅಳೆಯುವ ಎಂಜಿನಿಯರುಗಳು ಇಂಗ್ಲಿಷ್ ಪ್ರಬಂಧಗಳಲ್ಲೂ ಇದನ್ನು ಶೇಡಿ ಎಂದೇ ಬರೆಯುತ್ತಾರೆ. ಊರಿನವರ ಮಾತು ವಿಜ್ಞಾನದ ಪದವಾಗಿ ಉಳಿದಿರುವುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ನೀರು ಮಣ್ಣನ್ನು ಬೀಳಿಸುವುದು ಭಾರದಿಂದ ಮಾತ್ರ ಎಂದು ನಾವು ತಿಳಿದಿರುತ್ತೇವೆ. ಅಷ್ಟೇ ಅಲ್ಲ. ಚಿಕ್ಕವರಿದ್ದಾಗ ಪಾದದ ಮೇಲೆ ಒದ್ದೆ ಮರಳು ಮೆತ್ತಿ, ತಟ್ಟಿ, ಮೆಲ್ಲಗೆ ಕಾಲೆಳೆದು ಗುಬ್ಬಿ ಗೂಡು ಕಟ್ಟಿದ್ದು ನೆನಪಿಸಿಕೊಳ್ಳಿ. ಒಣ ಮರಳಲ್ಲಿ ಗೂಡು ನಿಲ್ಲದು. ಹದವಾದ ತೇವವಿದ್ದರೆ ಕಣಕ್ಕೆ ಕಣ ಹಿಡಿದುಕೊಂಡು ನಿಲ್ಲುತ್ತದೆ. ಅದರ ಮೇಲೆ ಒಂದು ಚೊಂಬು ನೀರು ಸುರಿದರೆ? ಸಂದುಗಳೆಲ್ಲ ನೀರಿನಿಂದ ತುಂಬಿ, ಆ ನೀರಿನ ಒತ್ತಡವೇ ಕಣಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ. ಉಜ್ಜಿ ಹಿಡಿದು ನಿಂತಿದ್ದ ಬಲ ಹೋಗುತ್ತದೆ. ಮಳೆಗಾಲದ ಗುಡ್ಡದಲ್ಲಿ ಆಗುವುದೂ ಇದೇ. ಹಾಗಾಗಿ ಒಂದು ದಿನದ ಜಡಿಮಳೆ ಮಾತ್ರ ನೋಡಿದರೆ ಸಾಲದು, ಹಿಂದಿನ ಹದಿನೈದು ಇಪ್ಪತ್ತು ದಿನ ಗುಡ್ಡ ಎಷ್ಟು ನೀರು ಕುಡಿದಿದೆ ಎಂಬ ಲೆಕ್ಕವೂ ಬೇಕು. ಅದರ ಜೊತೆಗೆ ರಸ್ತೆಗೋ ಮನೆಗೋ ಗುಡ್ಡದ ಬುಡ ಕಡಿದು ಧರೆಯನ್ನು ನೆಟ್ಟಗೆ ನಿಲ್ಲಿಸಿದ್ದರೆ, ಆಸರೆ ತೆಗೆದ ಅಟ್ಟದಂತೆ ಅದು ಕಾಯುತ್ತಿರುತ್ತದೆ. ಶಿರೂರಿನಲ್ಲಿ ಕುಸಿದದ್ದು ಹೆದ್ದಾರಿಗಾಗಿ ಕಡಿದ ಗುಡ್ಡವೇ.

ಮುನ್ಸೂಚನೆ ಸಾಧ್ಯವೇ ಎಂಬುದು ಈ ಗೋಷ್ಠಿಗಳ ಮುಖ್ಯ ಪ್ರಶ್ನೆ. ಹಿಮ ಮುಚ್ಚಿದ ಪ್ರದೇಶ ಬಿಟ್ಟರೆ ದೇಶದ ನೆಲದಲ್ಲಿ ಸುಮಾರು ಶೇ 12.6ರಷ್ಟು ಕುಸಿತದ ಭಯವಿರುವ ಜಾಗ ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಲೆಕ್ಕ ಹಾಕಿದೆ. ಅದರದೇ ರಾಷ್ಟ್ರೀಯ ಮುನ್ಸೂಚನಾ ಕೇಂದ್ರ 2024ರ ಜುಲೈನಲ್ಲಿ ಕೋಲ್ಕತ್ತದಲ್ಲಿ ಶುರುವಾಯಿತು, ಶಿರೂರು ಕುಸಿದ ಅದೇ ವಾರ. ಇನ್ನೊಂದು ಕಣ್ಣು ಈಗ ಆಕಾಶದಲ್ಲಿದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋದ ನಿಸಾರ್ ಉಪಗ್ರಹ ಇಸ್ರೊ ಮತ್ತು ನಾಸಾ ಸೇರಿ ಮಾಡಿದ್ದು. ಅದರ 12 ಮೀಟರ್ ಅಗಲದ ಕೊಡೆಯಂಥ ಆಂಟೆನಾ ರೇಡಾರ್ ಅಲೆ ಬಿಟ್ಟು, ಮರಳಿದ ಅಲೆಯನ್ನು ಹಿಡಿದು, 12 ದಿನದ ನಂತರ ಅದೇ ದಾರಿಯಲ್ಲಿ ಮತ್ತೆ ಬಂದು ಹೋಲಿಸುತ್ತದೆ. ನೆಲ ಸೆಂಟಿಮೀಟರಿನಷ್ಟು ಸರಿದಿದ್ದರೂ ಗೊತ್ತಾಗಬೇಕು ಎಂಬುದು ಉದ್ದೇಶ. ಮೋಡ ಅಡ್ಡಿಯಲ್ಲ. ಇದರ ಎರಡು ಅಲೆಗಳಲ್ಲಿ ಉದ್ದನೆಯದು ಎಲೆಗಳ ಮರೆಯನ್ನೂ ಬಹುಮಟ್ಟಿಗೆ ದಾಟುತ್ತದೆ. ಜುಲೈ ತಿಂಗಳಲ್ಲಿ ಸೂರ್ಯನನ್ನೇ ಕಾಣದ ಮಲೆನಾಡಿಗೆ ಇದರ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಮೆಲ್ಲಗೆ ಜರುಗುವ ಗುಡ್ಡವನ್ನು ಅದು ಹಿಡಿದೀತು, ಮಧ್ಯರಾತ್ರಿ ಕ್ಷಣದಲ್ಲಿ ಕೆಸರಾಗಿ ನುಗ್ಗುವುದನ್ನು ಹಿಡಿಯಲಾರದು.

ಎರಡು ಇಂಚು ನೀರು

ಇನ್ನೊಂದು ವಿಷಯ ನಮ್ಮ ಬಯಲು ಸೀಮೆಯದು. ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯ ಸುತ್ತಲಿನ ಸುಮಾರು 84 ಚದರ ಕಿಲೋಮೀಟರ್ ಜಲಾನಯನವನ್ನು ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ಸಂಶೋಧಕರು ವರ್ಷಗಳಿಂದ ಜೊತೆಯಾಗಿ ಅಳೆಯುತ್ತಿದ್ದಾರೆ. ಮಳೆ, ಮಣ್ಣಿನ ತೇವ, ಬೋರ್‌ವೆಲ್‌ನ ಮಟ್ಟ, ಬೆಳೆ, ರೈತರ ಖರ್ಚು ಎಲ್ಲವೂ ಒಂದೇ ಕಡೆ.

ನಮ್ಮದು ಗಟ್ಟಿ ಬಂಡೆಯ ನಾಡು. ನೆಲದಡಿ ನದಿ ಹರಿಯುವುದಿಲ್ಲ. ಮೇಲಿನ ಗರಸಿನಲ್ಲಿ ಒಂದಿಷ್ಟು, ಬಂಡೆಯ ಸೀಳುಗಳಲ್ಲಿ ಒಂದಿಷ್ಟು ನೀರು ನಿಂತಿರುತ್ತದೆ. ಆಳಕ್ಕೆ ಹೋದಷ್ಟೂ ಸೀಳು ಕಡಿಮೆ. ಪಕ್ಕದ ಹೊಲದಲ್ಲಿ ಎರಡು ಇಂಚು ನೀರು ಬಿದ್ದು, ನಮ್ಮಲ್ಲಿ ಸಾವಿರ ಅಡಿಗೂ ಬರೀ ದೂಳು ಬರುವುದು ಇದಕ್ಕೇ. ಬೇರಂಬಾಡಿಯ ನೂರಾರು ಬೋರ್‌ವೆಲ್‌ಗಳ ನೀರನ್ನು ಪರೀಕ್ಷಿಸಿದಾಗ ಇನ್ನೊಂದು ಸಂಗತಿ ಕಂಡಿತು. ಮೇಲೆತ್ತಿದ ನೀರು ಹೊಲಕ್ಕೆ ಬಿದ್ದು, ಗೊಬ್ಬರದ ಉಳಿಕೆ ಕರಗಿಸಿಕೊಂಡು ಕೆಳಗಿಳಿಯುತ್ತದೆ. ಅದೇ ನೀರನ್ನು ಮತ್ತೆ ಎತ್ತುತ್ತೇವೆ, ಮತ್ತೆ ಗೊಬ್ಬರ, ಮತ್ತೆ ಇಳಿತ. ಸುತ್ತು ಸುತ್ತಿಗೂ ನೈಟ್ರೇಟ್ ಏರುತ್ತದೆ. ಕುಡಿಯುವ ನೀರಿಗೆ ಲೀಟರಿಗೆ 45 ಮಿಲಿಗ್ರಾಂ ನಮ್ಮ ದೇಶದ ಮಿತಿ. ಕೆಲವು ಜಾಗಗಳಲ್ಲಿ ಅದನ್ನು ಬಹಳ ದಾಟಿತ್ತು. ನೀರಿನ ಕೊರತೆ ಮತ್ತು ನೀರಿನ ವಿಷ ಬೇರೆ ಬೇರೆ ಕಷ್ಟ ಎಂದು ತಿಳಿದವರಿಗೆ ಈ ಒಂದು ಸುತ್ತಿನ ಚಿತ್ರ ಸಾಕು.

ಪ್ರಶ್ನೆಯ ಹೊತ್ತು

ನಲವತ್ತು ನಿಮಿಷದ ಮಾತಿಗಿಂತ ಕೊನೆಯ ಹದಿನೈದು ನಿಮಿಷಕ್ಕಾಗಿಯೇ ಹೋಗಬೇಕು. ಎಷ್ಟು ಮಳೆಮಾಪಕ ಇಟ್ಟಿದ್ದಿರಿ? ಆ ಒಂದು ಬಿಂದು ಗೆರೆಯಿಂದ ಹೊರಗೇಕಿದೆ? ಬಿಟ್ಟುಬಿಟ್ಟ ಮಾದರಿಗಳು ಯಾವುವು? ಚೆನ್ನಾಗಿ ಕೆಲಸ ಮಾಡಿದ ವಿದ್ಯಾರ್ಥಿಗೆ ಗೊತ್ತಿಲ್ಲ ಎನ್ನಲು ಅಂಜಿಕೆಯಿಲ್ಲ. ಆ ಮಾತನ್ನು ಬರೆದುಕೊಂಡು ಹೋಗಿ ಮರುವರ್ಷ ಉತ್ತರ ತಂದವರಿದ್ದಾರೆ.

ನನ್ನ ಅಳಲು ಒಂದೇ. ಇವೆಲ್ಲ ನಡೆಯುವುದು ಇಂಗ್ಲಿಷಿನಲ್ಲಿ. ಹೊರದೇಶದವರು ಬಂದಾಗ ಅದು ಬೇಕು, ಸರಿ. ಆದರೆ ಎರೆ, ಮಸಬು, ಗರಸು, ಶೇಡಿ, ಧರೆ ಎಂದು ನೆಲವನ್ನು ಇಷ್ಟು ಬಿಡಿಬಿಡಿಯಾಗಿ ಹೆಸರಿಟ್ಟ ಭಾಷೆಯಲ್ಲಿ ತಿಂಗಳಿಗೊಂದು ಗೋಷ್ಠಿಯಾದರೂ ನಡೆಯಬೇಕು. ಬೋರ್ ಕೊರೆಸಿ ಕೊರೆಸಿ ಕಲ್ಲಿನ ಬಣ್ಣ ಬಲ್ಲವರು, ಧರೆ ಬಿದ್ದ ಊರಿನವರು ಹಿಂದಿನ ಸಾಲಿನಲ್ಲಾದರೂ ಕೂರುವಂತಾಗಬೇಕು.

ಅಂಥವರೊಬ್ಬರು ಒಮ್ಮೆ ಬಂದಿದ್ದರು. ವಿದ್ಯಾರ್ಥಿನಿ ಕುಸಿತದ ಭಯವನ್ನು ಕೆಂಪು, ಹಳದಿ, ಹಸಿರು ಬಣ್ಣದಲ್ಲಿ ತೋರಿಸುವ ನಕ್ಷೆಯನ್ನು ಪರದೆಯ ಮೇಲೆ ಇಟ್ಟಿದ್ದಳು. ಅವರು ಎದ್ದು ಕನ್ನಡದಲ್ಲೇ ಕೇಳಿದರು: "ಅಮ್ಮಾ, ನಮ್ಮ ಮನೆ ಹಿಂದಿನ ಧರೆ ಇದರಲ್ಲಿ ಯಾವ ಬಣ್ಣ?" ಅವಳು ನಕ್ಷೆಯನ್ನು ದೊಡ್ಡದು ಮಾಡುತ್ತ ಹೋದಳು. ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರ್ ನೆಲ ಹಿಡಿಸಿದ ನಕ್ಷೆ ಅದು. ಅದರಲ್ಲಿ ಒಂದು ಮನೆ ಸಾಸಿವೆ ಕಾಳಿನಷ್ಟೂ ಆಗುವುದಿಲ್ಲ. ಬಣ್ಣಗಳು ಒಡೆದು ದೊಡ್ಡ ದೊಡ್ಡ ಚೌಕಗಳಾದವು. "ಕಾಣೋದಿಲ್ಲ ಸಾರ್," ಎಂದಳು. ಆಮೇಲೆ ಮೇಜಿನ ಮೇಲಿದ್ದ ಪುಸ್ತಕ ತೆಗೆದು ಅವರ ಊರಿನ ಹೆಸರು, ಧರೆಯ ಎತ್ತರ, ಹೋದ ಮಳೆಗಾಲದಲ್ಲಿ ಬಿರುಕು ಬಿಟ್ಟ ತಿಂಗಳು ಒಂದೊಂದನ್ನೇ ಕೇಳಿ ಬರೆದುಕೊಳ್ಳತೊಡಗಿದಳು.